ಬಳಸಿದ ಮೆಕ್ಯಾನಿಕಲ್ ಕೀಬೋರ್ಡ್: ಸ್ವಿಚ್ ಬದಲಿಸುವ ಮುನ್ನ ದೋಷ ಎಲ್ಲಿದೆ ಎಂದು ನೋಡಿ

ಪ್ರಶ್ನೆ: ಈಚೆಗೆ ಬಳಸಿದ ಮೆಕ್ಯಾನಿಕಲ್ ಕೀಬೋರ್ಡ್ ಒಂದನ್ನು ಕೊಂಡೆ. ಯುಎಸ್‌ಬಿ ಕೇಬಲ್, 104 ಕೀಲಿಗಳು, ಒತ್ತಿದರೆ ಟಿಕ್ ಎನ್ನುವ ನೀಲಿ ಸ್ವಿಚ್‌ಗಳು. 2, ಡಬ್ಲ್ಯೂ, ಎಸ್, ಎಕ್ಸ್ ಕೀಲಿಗಳು ಸ್ವಲ್ಪವೂ ಕೆಲಸ ಮಾಡುತ್ತಿಲ್ಲ. ಇ ಕೀಲಿಯನ್ನು ಒಮ್ಮೆ ಒತ್ತಿದರೆ ಅಕ್ಷರ ಎರಡು ಸಲ ಮೂಡುತ್ತದೆ. ಸ್ಪೇಸ್‌ಬಾರ್ ಗಡಗಡ ಸದ್ದು ಮಾಡುತ್ತದೆ. ಸುತ್ತಲಿನ ಕೀಲಿಗಳು ಬಿಳಿಯಾಗಿಯೇ ಇದ್ದರೂ ಅದೊಂದು ಹಳದಿಯಾಗಿದೆ. ಎಲ್ಲ ಸ್ವಿಚ್‌ಗಳನ್ನೂ ತೆಗೆದು ಹೊಸವನ್ನು ಹಾಕಿ, ಗ್ರೀಸ್ ಹಚ್ಚಿ, ಇಡೀ ಕೀಬೋರ್ಡನ್ನು ನೀರಿನಲ್ಲಿ ತೊಳೆದರೆ ಸರಿಹೋಗುವುದೇ? ದುಂಡು ಪ್ಲಗ್‌ನ ಹಳೆಯ ಐಬಿಎಂ ಕೀಬೋರ್ಡ್ ಕೂಡ ಒಂದು ಮಾರಾಟಕ್ಕಿದೆ. ಅದನ್ನು ಕೊಳ್ಳಬಹುದೇ?

ಉತ್ತರ: ನೀವು ಹೇಳಿರುವ ತೊಂದರೆಗಳಲ್ಲಿ ಸ್ವಿಚ್‌ನ ದೋಷವೆಂದು ಅನುಮಾನಿಸಬಹುದಾದದ್ದು ಒಂದೇ, ಅದು ಇ ಕೀಲಿಯದು. ಉಳಿದವಕ್ಕೂ ಸ್ವಿಚ್‌ಗೂ ಸಂಬಂಧವಿರುವ ಸಾಧ್ಯತೆ ಬಹಳ ಕಡಿಮೆ. 104 ಸ್ವಿಚ್‌ಗಳನ್ನು ಬದಲಿಸುವುದೆಂದರೆ 208 ಬೆಸುಗೆಗಳನ್ನು ಬಿಡಿಸಿ ಮತ್ತೆ ಹಾಕುವುದು. ಬೆಸುಗೆ ಬಿಡಿಸುವ ಪ್ರತಿ ಸಲವೂ ಪಿಸಿಬಿಯ (ಸ್ವಿಚ್‌ಗಳನ್ನು ಬೆಸೆದಿರುವ ಸರ್ಕ್ಯೂಟ್ ಹಲಗೆಯ) ಮೇಲಿನ ತಾಮ್ರದ ಪ್ಯಾಡ್ ಕಿತ್ತುಬರುವ ಅಪಾಯ ಇದ್ದೇ ಇರುತ್ತದೆ. ಅಷ್ಟೆಲ್ಲ ಶ್ರಮಪಟ್ಟ ಮೇಲೂ ನಿಮ್ಮ 2, ಡಬ್ಲ್ಯೂ, ಎಸ್, ಎಕ್ಸ್ ಕೀಲಿಗಳು ಇಂದಿನಂತೆಯೇ ಸುಮ್ಮನಿರುತ್ತವೆ ಎಂಬುದು ನನ್ನ ಅಂದಾಜು. ಆದ್ದರಿಂದ ಸ್ವಿಚ್‌ಗಳನ್ನು ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದು ಲೋಹದ ಚಿಮಟವನ್ನು ಕೈಗೆತ್ತಿಕೊಳ್ಳಿ.

ಸತ್ತಿರುವ ನಾಲ್ಕು ಕೀಲಿಗಳು ಕೀಬೋರ್ಡಿನ ಮೇಲೆ ಎಲ್ಲಿವೆ ಎಂದು ಒಮ್ಮೆ ನೋಡಿ. ಅವು ಒಂದರ ಕೆಳಗೆ ಒಂದರಂತೆ, ತುಸು ಓರೆಯಾಗಿ, ಒಂದೇ ಸಾಲಿನಲ್ಲಿವೆ. ಇದು ಕಾಕತಾಳೀಯವಲ್ಲ. ಕೀಬೋರ್ಡಿನೊಳಗಿನ ಕಂಟ್ರೋಲರ್ ಚಿಪ್‌ಗೆ ಪ್ರತಿ ಕೀಲಿಯಿಂದಲೂ ಪ್ರತ್ಯೇಕ ತಂತಿ ಎಳೆದರೆ ನೂರಕ್ಕೂ ಹೆಚ್ಚು ಕಾಲುಗಳಿರುವ ಚಿಪ್ ಬೇಕಾಗುತ್ತದೆ. ಅದರ ಬದಲು ಕೀಲಿಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳ ಜಾಲವಾಗಿ ಜೋಡಿಸಿ, ಪ್ರತಿ ಸ್ವಿಚ್ಚನ್ನೂ ಒಂದು ಅಡ್ಡಸಾಲು ಒಂದು ಕಂಬಸಾಲನ್ನು ಸಂಧಿಸುವ ಜಾಗದಲ್ಲಿ ಇಡುತ್ತಾರೆ. ಹೀಗೆ ಮಾಡಿದಾಗ ಇಪ್ಪತ್ತೈದರ ಆಸುಪಾಸಿನಷ್ಟು ಕಾಲುಗಳೇ ಸಾಕಾಗುತ್ತವೆ. ಚಿಪ್ ಒಂದೊಂದೇ ಸಾಲಿಗೆ ಸಂಕೇತ ಕೊಟ್ಟು, ಅದು ಎಲ್ಲಿ ಹೊರಬರುತ್ತದೆ ಎಂದು ಸೆಕೆಂಡಿಗೆ ನೂರಾರು ಸಲ ನೋಡುತ್ತಲೇ ಇರುತ್ತದೆ. ಈ ಜಾಲದಲ್ಲಿ ಒಂದು ಕಂಬಸಾಲಿನ ತಾಮ್ರದ ಟ್ರ್ಯಾಕ್ ಎಲ್ಲೋ ಒಂದೆಡೆ ತುಂಡಾದರೆ, ಅದರಾಚೆಗಿನ ಕೀಲಿಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತವೆ. ಒಂದೇ ಒಂದು ಕೀಲಿ ಸತ್ತಿದ್ದರೆ ಸ್ವಿಚ್ಚನ್ನೋ ಅದರ ಜೊತೆಗಿರುವ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನೋ ಅನುಮಾನಿಸಬೇಕು. ಒಂದು ಸಾಲಿನ ಕೀಲಿಗಳು ಸತ್ತಿದ್ದರೆ ಸಾಲನ್ನು ಅನುಮಾನಿಸಬೇಕು. ಕೀಬೋರ್ಡಿಗೆ ಕೀಬೋರ್ಡೇ ಸತ್ತಿದ್ದರೆ ಕೇಬಲ್ ಮತ್ತು ಚಿಪ್ಪನ್ನು ನೋಡಬೇಕು. ಒಂದು ಕೀಲಿ ಒತ್ತಿದಾಗ ಒತ್ತದೇ ಇರುವ ಇನ್ನೊಂದರ ಅಕ್ಷರವೂ ಮೂಡುತ್ತಿದ್ದರೆ ಎಲ್ಲೋ ಎರಡು ಸಾಲುಗಳು ತಾಗಿಕೊಂಡಿವೆ ಅಥವಾ ಡಯೋಡ್ ಒಂದು ಶಾರ್ಟ್ ಆಗಿದೆ ಎಂದು ತಿಳಿಯಬೇಕು.

ಬಿಚ್ಚುವುದಕ್ಕೂ ಮೊದಲು ಕೀಬೋರ್ಡನ್ನು ಬೇರೊಂದು ಕಂಪ್ಯೂಟರಿಗೆ, ಬೇರೊಂದು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಒತ್ತಿ, ಯಾವುದು ಹೇಗೆ ವರ್ತಿಸುತ್ತದೆ ಎಂದು ಕಾಗದದ ಮೇಲೆ ಕೀಬೋರ್ಡಿನ ಚಿತ್ರ ಬರೆದು ಗುರುತಿಸಿ. ದೋಷಗಳು ಪಟ್ಟಿಯಾಗಿದ್ದಾಗ ಕಾಣದ ಸಂಬಂಧ ಅವುಗಳನ್ನು ಚಿತ್ರದ ಮೇಲೆ ಹರಡಿದಾಗ ಕಾಣುತ್ತದೆ. ಇದೇ ಹೊತ್ತಿನಲ್ಲಿ ಕೇಬಲ್ಲು ಕೀಬೋರ್ಡಿನೊಳಗೆ ಹೋಗುವ ಜಾಗವನ್ನು ಮೆಲ್ಲನೆ ಅತ್ತಿತ್ತ ಆಡಿಸಿ ನೋಡಿ. ಬಳಸಿದ ಕೀಬೋರ್ಡುಗಳಲ್ಲಿ ಕೇಬಲ್ ತುಂಡಾಗುವುದು ಸಾಮಾನ್ಯವಾಗಿ ಇಲ್ಲಿಯೇ. ಆಡಿಸಿದಾಗ ಕೀಬೋರ್ಡ್ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಬೇರೇನನ್ನೂ ಮುಟ್ಟುವ ಮೊದಲು ಕೇಬಲ್ ಬದಲಿಸಬೇಕು.

ಈಗ ಬಿಚ್ಚಿ. ತಿರುಪುಗಳು ಕಾಣಿಸದಿದ್ದರೆ ಕೆಳಗಿನ ಲೇಬಲ್ಲಿನ ಅಡಿಯಲ್ಲಿ, ರಬ್ಬರ್ ಕಾಲುಗಳ ಅಡಿಯಲ್ಲಿ, ಇಲ್ಲವೇ ಕೀಲಿಗಳ ಮೇಲಿನ ಪ್ಲಾಸ್ಟಿಕ್ ಟೋಪಿಗಳಾದ ಕೀಕ್ಯಾಪ್‌ಗಳ ನಡುವೆ ಅಡಗಿರುತ್ತವೆ. ಕೀಕ್ಯಾಪ್‌ಗಳನ್ನು ತೆಗೆಯುವ ಮುನ್ನ ಒಂದು ಫೋಟೋ ತೆಗೆದುಕೊಳ್ಳಿ, ಮತ್ತು ತೆಗೆಯಲು ಪ್ಲಾಸ್ಟಿಕ್ ಉಂಗುರದ ಪುಲ್ಲರ್ ಬದಲು ತಂತಿಯ ಪುಲ್ಲರ್ ಬಳಸಿ, ಏಕೆಂದರೆ ಉಂಗುರದ ಪುಲ್ಲರ್ ಕ್ಯಾಪಿನ ಬದಿಗಳನ್ನು ಗೀಚುತ್ತದೆ. ಪೆಟ್ಟಿಗೆಯಿಂದ, ಸ್ವಿಚ್‌ಗಳನ್ನು ಹಿಡಿದಿಡುವ ಪ್ಲೇಟ್ ಸಮೇತ ಪಿಸಿಬಿ ಹೊರಬಂದ ಮೇಲೆ ಅದನ್ನು ಬೋರಲು ಹಾಕಿ, ಹಿಂಬದಿಯನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಹಸಿರು ಕಿಲುಬು, ಅಂಟಂಟಾದ ಕಲೆ, ಕಪ್ಪಾದ ಟ್ರ್ಯಾಕ್, ಸುತ್ತಲೂ ಸಣ್ಣ ಉಂಗುರದಂತೆ ಬಿರುಕು ಬಿಟ್ಟ ಬೆಸುಗೆ ಇವುಗಳಲ್ಲಿ ಯಾವುದಾದರೂ ಒಂದು ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಚಿಮಟದ ಪರೀಕ್ಷೆ ಹೀಗಿದೆ: ಕೀಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿಟ್ಟು, ಡಬ್ಲ್ಯೂ ಸ್ವಿಚ್ಚಿನ ಎರಡು ಕಾಲುಗಳನ್ನು ಹಿಂಬದಿಯಲ್ಲಿ ಚಿಮಟದ ತುದಿಗಳಿಂದ ಒಮ್ಮೆಗೇ ಮುಟ್ಟಿ. ಇಲ್ಲಿರುವುದು ಯುಎಸ್‌ಬಿಯ 5 ವೋಲ್ಟ್ ಮಾತ್ರ, ನಿಮಗೆ ಅಪಾಯವಿಲ್ಲ. ಆದರೆ ಚಿಮಟ ಜಾರಿ ಪಕ್ಕದ ಕಾಲುಗಳನ್ನು ಮುಟ್ಟದಂತೆ ಕೈ ಸ್ಥಿರವಾಗಿರಲಿ. ಅಕ್ಷರ ಮೂಡಿದರೆ ಸ್ವಿಚ್ಚಿನದೇ ತಪ್ಪು, ಉಳಿದ ದಾರಿ ಸರಿಯಿದೆ. ಅಕ್ಷರ ಮೂಡದಿದ್ದರೆ ಸ್ವಿಚ್ಚನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ನಿಮ್ಮ ನಾಲ್ಕೂ ಕೀಲಿಗಳಲ್ಲಿ ಅಕ್ಷರ ಮೂಡುವುದಿಲ್ಲವೆಂದು ನಾನು ನಿರೀಕ್ಷಿಸುತ್ತೇನೆ.

ಹಾಗಾದಲ್ಲಿ ಕೇಬಲ್ಲನ್ನು ಕಂಪ್ಯೂಟರಿನಿಂದ ಕಿತ್ತು, ಮಲ್ಟಿಮೀಟರನ್ನು, ದಾರಿ ತುಂಡಾಗಿಲ್ಲದಿದ್ದರೆ ಬೀಪ್ ಸದ್ದು ಮಾಡುವ ಕಂಟಿನ್ಯೂಯಿಟಿ ಸ್ಥಾನಕ್ಕೆ ತಿರುಗಿಸಿ. ಸ್ವಿಚ್ಚಿನ ಎರಡು ಕಾಲುಗಳಲ್ಲಿ ಒಂದು ಡಯೋಡಿಗೆ ಹೋಗುತ್ತದೆ, ಇನ್ನೊಂದು ನೇರವಾಗಿ ಸಾಲಿಗೆ ಸೇರುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಪಕ್ಕದ ಕಂಬಸಾಲನ್ನು ಮೊದಲು ಅಳೆದು, ಯಾವ ಕಾಲು ಎಲ್ಲಿಗೆ ಹೋಗುತ್ತದೆ ಎಂಬ ಕ್ರಮವನ್ನು ಅಲ್ಲಿಂದ ಕಲಿಯಿರಿ. ಪಿಸಿಬಿಯ ವಿನ್ಯಾಸ ಸಾಮಾನ್ಯವಾಗಿ ಒಂದು ಸಾಲಿನಿಂದ ಇನ್ನೊಂದಕ್ಕೆ ಪುನರಾವರ್ತನೆಯಾಗುತ್ತದೆ. ಅನಂತರ 2ರಿಂದ ಡಬ್ಲ್ಯೂಗೆ, ಡಬ್ಲ್ಯೂನಿಂದ ಎಸ್‌ಗೆ, ಎಸ್‌ನಿಂದ ಎಕ್ಸ್‌ಗೆ, ಕೊನೆಗೆ ಆ ಸಾಲಿನಿಂದ ಚಿಪ್ಪಿನ ಕಾಲಿಗೆ ಅಳೆಯುತ್ತಾ ಹೋಗಿ. ನಾಲ್ಕೂ ತಮ್ಮ ತಮ್ಮಲ್ಲಿ ಬೀಪ್ ಎಂದು, ಚಿಪ್ಪಿನ ಕಡೆಗೆ ಮಾತ್ರ ಸದ್ದು ಬರದಿದ್ದರೆ, ತುಂಡಾಗಿರುವುದು ಚಿಪ್ಪಿಗೂ ಮೊದಲ ಕೀಲಿಗೂ ನಡುವೆ. ಪಿಸಿಬಿಯ ಒಂದು ಬದಿಯಿಂದ ಇನ್ನೊಂದಕ್ಕೆ ಟ್ರ್ಯಾಕ್ ದಾಟುವ ಸಣ್ಣ ತೂತುಗಳನ್ನು ವಿಶೇಷವಾಗಿ ನೋಡಿ, ದ್ರವ ಚೆಲ್ಲಿದ ಕೀಬೋರ್ಡುಗಳಲ್ಲಿ ಮೊದಲು ಕೊಳೆಯುವ ಜಾಗಗಳಲ್ಲಿ ಅವೂ ಸೇರಿವೆ. ಕೆಲವು ಮಾದರಿಗಳಲ್ಲಿ ಚಿಪ್ ಬೇರೊಂದು ಸಣ್ಣ ಪಿಸಿಬಿಯ ಮೇಲಿದ್ದು ಎರಡರ ನಡುವೆ ರಿಬ್ಬನ್ ಕೇಬಲ್ ಇರುತ್ತದೆ. ಅದು ಸಡಿಲವಾಗಿದ್ದರೆ ಕಿತ್ತು ಮತ್ತೆ ಸರಿಯಾಗಿ ಕೂರಿಸಿದ ಮಾತ್ರಕ್ಕೆ ಇಡೀ ಸಾಲು ಜೀವಂತವಾಗುವುದುಂಟು.

ತುಂಡಾದ ಜಾಗ ಗೊತ್ತಾದ ಮೇಲೆ ದುರಸ್ತಿ ಸರಳವೇ. ಟ್ರ್ಯಾಕಿನ ಮೇಲಿನ ಹಸಿರು ಅಥವಾ ಕಪ್ಪು ಲೇಪವನ್ನು ಎರಡೂ ಬದಿಯಲ್ಲಿ ಕೆಲವು ಮಿಲಿಮೀಟರ್‌ನಷ್ಟು ಹರಿತವಾದ ಬ್ಲೇಡಿನಿಂದ ಮೆಲ್ಲಗೆ ಕೆರೆದು, ತಾಮ್ರ ಕಂಡ ಮೇಲೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ ತೆಳುವಾಗಿ ಬೆಸುಗೆ ಲೇಪಿಸಿ, ಸಣ್ಣ ತಂತಿಯೊಂದನ್ನು ಸೇತುವೆಯಂತೆ ಕೂರಿಸಬಹುದು. ನನಗೆ ಇದಕ್ಕಿಂತ ಇನ್ನೊಂದು ವಿಧಾನ ಹೆಚ್ಚು ಹಿಡಿಸುತ್ತದೆ: ಕೊಳೆತ ಟ್ರ್ಯಾಕಿನ ಗೋಜಿಗೇ ಹೋಗದೆ, ಪ್ಲಾಸ್ಟಿಕ್ ಹೊದಿಕೆಯ 30 ಗೇಜಿನ ತೆಳು ತಂತಿಯನ್ನು ಸತ್ತ ಸಾಲಿನ ಯಾವುದಾದರೂ ಒಂದು ಸ್ವಿಚ್ಚಿನ ಸರಿಯಾದ ಕಾಲಿನಿಂದ ಚಿಪ್ಪಿನ ಕಡೆಯ ಗಟ್ಟಿಯಾದ ಬೆಸುಗೆಯೊಂದಕ್ಕೆ ನೇರವಾಗಿ ಎಳೆಯುವುದು. ನೋಡಲು ಚೆಂದವಿರುವುದಿಲ್ಲ, ಆದರೆ ಕಿಲುಬು ಹಿಡಿದ ತಾಮ್ರ ಮುಂದಿನ ವರ್ಷ ಮತ್ತೊಂದೆಡೆ ತುಂಡಾದಾಗ ಈ ತಂತಿ ಮಾತ್ರ ಹಾಗೇ ಇರುತ್ತದೆ. ತಂತಿಯನ್ನು ಅಲ್ಲಲ್ಲಿ ಶಾಖ ತಡೆಯುವ ಟೇಪಿನಿಂದ ಅಂಟಿಸಿದರೆ ಪೆಟ್ಟಿಗೆ ಮುಚ್ಚುವಾಗ ಸಿಕ್ಕಿಕೊಳ್ಳುವುದಿಲ್ಲ.

ಮುಂದೊಮ್ಮೆ ಒಂಟಿ ಕೀಲಿಯೊಂದು ಸತ್ತರೆ ಡಯೋಡನ್ನೂ ಅಳೆಯಬೇಕಾಗುತ್ತದೆ. ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಒಂದು ದಿಕ್ಕಿಗೆ ಸುಮಾರು 0.6 ವೋಲ್ಟ್ ತೋರಿಸಿ, ಇನ್ನೊಂದು ದಿಕ್ಕಿಗೆ ಏನನ್ನೂ ತೋರಿಸದಿದ್ದರೆ ಅದು ಸರಿಯಿದೆ ಎಂದರ್ಥ. ಬದಲಿಸಬೇಕಾದಲ್ಲಿ 1ಎನ್4148 ಎಂಬ ಸಾಮಾನ್ಯ ಡಯೋಡ್ ಸಾಕು. ಅದರ ಒಂದು ತುದಿಯಲ್ಲಿರುವ ಪಟ್ಟಿ ಪಕ್ಕದ ಡಯೋಡುಗಳ ಪಟ್ಟಿಯ ದಿಕ್ಕಿಗೇ ಇರುವಂತೆ ಕೂರಿಸಬೇಕು.

ಇ ಕೀಲಿಯ ವಿಷಯಕ್ಕೆ ಬರೋಣ. ಚೆರಿ ಎಂಎಕ್ಸ್ ಮಾದರಿಯ ಸ್ವಿಚ್‌ಗಳು 1980ರ ದಶಕದಿಂದಲೂ ಇವೆ, ಈಗ ಅನೇಕ ಕಂಪನಿಗಳು ಅದೇ ವಿನ್ಯಾಸವನ್ನು ಅನುಸರಿಸುತ್ತವೆ. ಒಳಗೆ ಲೋಹದ ಎರಡು ತೆಳು ಎಲೆಗಳಿದ್ದು, ಕೀಲಿಯನ್ನು ಸುಮಾರು 2 ಮಿಲಿಮೀಟರ್ ಒತ್ತಿದಾಗ ಒಂದು ಎಲೆ ಇನ್ನೊಂದಕ್ಕೆ ತಾಗುತ್ತದೆ. ಯಾವ ಲೋಹದ ಸಂಪರ್ಕವೂ ಒಂದೇ ಏಟಿಗೆ ತಾಗಿ ನಿಲ್ಲುವುದಿಲ್ಲ, ಕೆಲವು ಕ್ಷಣ ಪುಟಿಯುತ್ತದೆ. ಕಂಟ್ರೋಲರಿನ ತಂತ್ರಾಂಶವು ಈ ಪುಟಿತವನ್ನು ನಿರ್ಲಕ್ಷಿಸಲು ಒಂದಿಷ್ಟು ಸಮಯ ಬಿಡುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಕ್ಯೂಎಂಕೆ ತಂತ್ರಾಂಶದಲ್ಲಿ ಅದು ಬದಲಿಸದಿದ್ದರೆ 5 ಮಿಲಿಸೆಕೆಂಡ್. ಸಂಪರ್ಕದ ಮೇಲೆ ಕೊಳೆ ಕೂತಾಗ ಅಥವಾ ಎಲೆಯ ಬಿಗುವು ಕುಂದಿದಾಗ ಪುಟಿತ ಈ ಅವಧಿಯನ್ನು ಮೀರಿ, ಚಿಪ್ ಅದನ್ನು ಎರಡನೆಯ ಒತ್ತು ಎಂದು ಎಣಿಸುತ್ತದೆ. ಇದನ್ನು ಚಿಮಟದಿಂದ ಪರೀಕ್ಷಿಸಲು ಹೋಗಬೇಡಿ; ಕೈಯಲ್ಲಿ ಹಿಡಿದ ಚಿಮಟವೂ ಹಾಗೆಯೇ ಪುಟಿಯುವುದರಿಂದ ಅದು ಏನನ್ನೂ ಸಾಬೀತುಪಡಿಸುವುದಿಲ್ಲ.

ಮೊದಲ ಚಿಕಿತ್ಸೆ ಸುಲಭದ್ದು. ಕೇಬಲ್ ಕಿತ್ತು, ಇ ಕೀಲಿಯ ಕ್ಯಾಪ್ ತೆಗೆದು, ಅದರ ನೀಲಿ ಕಾಂಡವನ್ನು ಒತ್ತಿಹಿಡಿದು, ಪಕ್ಕದ ಸಂದಿಯಲ್ಲಿ ಶೇಕಡ 99ರ ಐಸೋಪ್ರೊಪೈಲ್ ಆಲ್ಕೋಹಾಲಿನ ಒಂದೆರಡು ಹನಿ, ಅಥವಾ ಶೇಷ ಬಿಡದ ಕಾಂಟ್ಯಾಕ್ಟ್ ಕ್ಲೀನರನ್ನು ತುಸುವೇ ಬಿಟ್ಟು, ಕೀಲಿಯನ್ನು ಹಲವು ಹತ್ತು ಸಲ ಜೋರಾಗಿ ಒತ್ತಿ. ಪೂರ್ತಿ ಒಣಗಿದ ಮೇಲೆ ಪರೀಕ್ಷಿಸಿ. ಧೂಳಿನಿಂದ ಬಂದ ದೋಷವಾದರೆ ಇಷ್ಟಕ್ಕೇ ಹೋಗುತ್ತದೆ. ಬಾಗಿಲಿನ ಕೀಲುಗಳಿಗೆ ಹಾಕುವ ಎಣ್ಣೆಯ ಸ್ಪ್ರೇಗಳನ್ನು ಮಾತ್ರ ದಯವಿಟ್ಟು ಹತ್ತಿರಕ್ಕೂ ತರಬೇಡಿ. ಅವು ಆ ದಿನ ಕೆಲಸ ಮಾಡಿದಂತೆ ಕಂಡರೂ ಹಿಂದೆ ಉಳಿಯುವ ಎಣ್ಣೆಯ ಪದರ ಧೂಳನ್ನು ಹಿಡಿದಿಟ್ಟುಕೊಂಡು ಸಂಪರ್ಕವನ್ನು ಇನ್ನಷ್ಟು ಕೆಡಿಸುತ್ತದೆ. ತಂತ್ರಾಂಶದಲ್ಲಿ ಕಾಯುವ ಸಮಯವನ್ನು ಹೆಚ್ಚಿಸುವ ಸೌಲಭ್ಯವಿದ್ದರೆ ಅದೂ ಒಂದು ದಾರಿಯೇ, ಆದರೆ ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಹದಗೆಡುತ್ತಿರುವ ಸ್ವಿಚ್ ಒಂದು ದಿನ ಆ ಹೊಸ ಮಿತಿಯನ್ನೂ ದಾಟುತ್ತದೆ.

ಎರಡು ಮೂರು ದಿನಗಳಲ್ಲಿ ದೋಷ ಮರಳಿದರೆ ಸ್ವಿಚ್ ಬದಲಿಸಬೇಕು. ಇಲ್ಲಿ ನನ್ನ ಸಲಹೆ ಸ್ವಲ್ಪ ಬೇರೆ: ಇ ಜಾಗಕ್ಕೆ ಹೊಸ ಸ್ವಿಚ್ ಹಾಕಬೇಡಿ, ಸ್ಕ್ರಾಲ್ ಲಾಕ್ ಅಥವಾ ಪಾಜ್ ಕೀಲಿಯ ಕೆಳಗಿರುವುದನ್ನು ತೆಗೆದು ಇ ಜಾಗಕ್ಕೆ ಹಾಕಿ, ಹೊಸದನ್ನು ಬೇಕಾದರೆ ಅಲ್ಲಿಗೆ ಹಾಕಿ. ಅದೇ ಕಾಲದ, ಅದೇ ಕಾರ್ಖಾನೆಯ, ಬಹುತೇಕ ಬಳಸದೇ ಉಳಿದ ಸ್ವಿಚ್ ಆದ್ದರಿಂದ ಅದರ ಸದ್ದೂ ಬೆರಳಿಗೆ ಸಿಗುವ ಅನುಭವವೂ ನೆರೆಹೊರೆಯ ಕೀಲಿಗಳಿಗೆ ಹತ್ತಿರವಿರುತ್ತವೆ. ಹೆಸರು, ಬಣ್ಣ ಎರಡೂ ಒಂದೇ ಆಗಿದ್ದರೂ ಹತ್ತು ಹದಿನೈದು ವರ್ಷಗಳ ಅಂತರದ ಎರಡು ಸ್ವಿಚ್‌ಗಳು ಪಕ್ಕಪಕ್ಕದಲ್ಲಿ ಕೂತಾಗ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ, ಅದೂ ಇ ಯಂತಹ ಪದೇ ಪದೇ ಒತ್ತುವ ಕೀಲಿಯಲ್ಲಿ.

ಬೆಸುಗೆ ಬಿಡಿಸುವಾಗ ಅವಸರವೇ ಎಲ್ಲ ಹಾನಿಗೂ ಮೂಲ. ಮೊದಲು ಸ್ವಿಚ್ಚಿನ ಪ್ರತಿ ಕಾಲಿಗೂ ಸೀಸವಿರುವ ಹೊಸ ಸೋಲ್ಡರನ್ನು (ಬೆಸುಗೆಯ ಲೋಹವನ್ನು) ಸ್ವಲ್ಪ ಸೇರಿಸಿ. ಇದು ವಿರುದ್ಧ ದಿಕ್ಕಿನ ಕೆಲಸದಂತೆ ಕಂಡರೂ ಕಾರಣವಿದೆ: ಇಂದಿನ ಕಾರ್ಖಾನೆಗಳು ಬಳಸುವ ಸೀಸರಹಿತ ಸೋಲ್ಡರ್ ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ, 63 ಭಾಗ ತವರ ಮತ್ತು 37 ಭಾಗ ಸೀಸದ ಮಿಶ್ರಣ ಕರಗುವುದು 183ರಲ್ಲಿ, ಎರಡೂ ಬೆರೆತಾಗ ಹಳೆಯ ಬೆಸುಗೆ ಬೇಗ ಸಡಿಲವಾಗಿ, ಪ್ಯಾಡಿಗೆ ತಗಲುವ ಶಾಖ ಕಡಿಮೆಯಾಗುತ್ತದೆ. ಬೆಸುಗೆ ಹಾಕುವ ಐರನ್ನಿನ ತುದಿಯನ್ನು 330ರಿಂದ 350 ಡಿಗ್ರಿಯಲ್ಲಿಟ್ಟು, ಎರಡು ಮೂರು ಸೆಕೆಂಡು ಹಿಡಿದು, ಕರಗಿದೊಡನೆ ಸೋಲ್ಡರ್ ಪಂಪಿನಿಂದ ಎಳೆದುಕೊಳ್ಳಿ. ಬಳಿಕ ಕಾಲನ್ನು ಚಿಮಟದಿಂದ ಅಲುಗಿಸಿ ನೋಡಿ. ಅದು ತೂತಿನೊಳಗೆ ಸ್ವತಂತ್ರವಾಗಿ ಆಡಿದರೆ ಮಾತ್ರ ಸ್ವಿಚ್ಚನ್ನು ಪ್ಲೇಟಿನಿಂದ ತೆಗೆಯಿರಿ. ಆಡದಿದ್ದರೆ ಮತ್ತೆ ಸೋಲ್ಡರ್ ತುಂಬಿ ಮತ್ತೆ ಎಳೆಯಿರಿ. ಬಲಪ್ರಯೋಗ ಮಾಡಿದರೆ ಸ್ವಿಚ್ ಜೊತೆಗೆ ಪ್ಯಾಡೂ ಬರುತ್ತದೆ, ಅದರಲ್ಲೂ ಒಂದೇ ಬದಿಯಲ್ಲಿ ತಾಮ್ರವಿರುವ ಪಿಸಿಬಿಗಳಲ್ಲಿ. ಸ್ವಿಚ್ಚಿನೊಳಗೆ ದೀಪವಿದ್ದರೆ ಅದರ ಎರಡು ಕಾಲುಗಳನ್ನು ಮೊದಲು ಬಿಡಿಸಬೇಕು. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಒಂದು ವೇಳೆ ನಿಮ್ಮದು ಬೆಸುಗೆಯಿಲ್ಲದ ಸಾಕೆಟ್ ಇರುವ ಮಾದರಿಯಾಗಿದ್ದರೆ ಇದ್ಯಾವುದೂ ಬೇಡ. ಸ್ವಿಚ್ ಕಿತ್ತು, ಅದರ ಕಾಲು ಮಡಚಿಕೊಂಡಿದೆಯೇ ಎಂದು ನೋಡಿ, ನೆಟ್ಟಗೆ ಮಾಡಿ, ಸಾಕೆಟ್ಟಿನ ಹಿಂಬದಿಗೆ ಬೆರಳಿನ ಆಸರೆ ಕೊಟ್ಟು ಮತ್ತೆ ಒತ್ತಿದರಾಯಿತು.

ಗ್ರೀಸ್ ಹಚ್ಚುವುದರ ಬಗ್ಗೆ ಚುಟುಕಾಗಿ ಹೇಳುವುದಾದರೆ, ನೀಲಿ ಸ್ವಿಚ್‌ಗಳಿಗೆ ಬೇಡ. ಅವುಗಳ ಕಾಂಡ ಎರಡು ತುಂಡುಗಳದ್ದು. ಬಿಳಿಯ ಚಿಕ್ಕ ತುಂಡು ನೀಲಿ ತುಂಡಿನ ಮೇಲೆ ಥಟ್ಟನೆ ಜಾರಿ ಬಡಿಯುವುದರಿಂದಲೇ ಆ ಟಿಕ್ ಸದ್ದು ಹುಟ್ಟುತ್ತದೆ. ನಡುವೆ ಗ್ರೀಸ್ ಸೇರಿದರೆ ಸದ್ದು ಮಂಕಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಕ್ರೈಟಾಕ್ಸ್ 205ನಂತಹ ಗ್ರೀಸುಗಳು ಸದ್ದಿಲ್ಲದ, ನೇರವಾಗಿ ಇಳಿಯುವ ಕೆಂಪು, ಕಪ್ಪು ಸ್ವಿಚ್‌ಗಳಿಗೆ ಹೇಳಿ ಮಾಡಿಸಿದವು, ಅಲ್ಲಿಯೂ ಲೋಹದ ಸಂಪರ್ಕಕ್ಕೆ ತಗಲದಂತೆ ತೆಳುವಾಗಿ.

ಗ್ರೀಸ್ ನಿಜವಾಗಿಯೂ ಬೇಕಾಗಿರುವುದು ನಿಮ್ಮ ಸ್ಪೇಸ್‌ಬಾರಿಗೆ. ಅದರ ಕೆಳಗೆ ಎರಡು ತುದಿಗಳನ್ನು ಒಟ್ಟಿಗೆ ಏರಿಳಿಸುವ ಲೋಹದ ತಂತಿಯಿದೆ. ಸ್ಟೆಬಿಲೈಸರ್ ಎಂದು ಕರೆಯುವ ಈ ಜೋಡಣೆಯಲ್ಲಿ ಹಳೆಯ ಗ್ರೀಸ್ ಒಣಗಿಹೋದಾಗ ತಂತಿ ಪ್ಲಾಸ್ಟಿಕ್ಕಿಗೆ ಬಡಿದು ಗಡಗಡ ಎನ್ನುತ್ತದೆ. ತಂತಿಯನ್ನು ಬಿಡಿಸಿ, ಒರೆಸಿ, ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ನೋಡಿ. ಒಂದು ತುದಿ ಎದ್ದಿದ್ದರೆ ತಂತಿ ತಿರುಚಿದೆ ಎಂದರ್ಥ. ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಬಾಗಿಸಿ ಎರಡು ತುದಿಗಳೂ ಗಾಜಿಗೆ ಸಮನಾಗಿ ತಾಗುವಂತೆ ಮಾಡಿ. ಅನಂತರ ತಂತಿಯ ತುದಿಗಳಿಗೆ ಮತ್ತು ಅದು ತಿರುಗುವ ಕೊಕ್ಕೆಗಳಿಗೆ ಸಿಲಿಕೋನ್ ಆಧಾರಿತ ಡೈಎಲೆಕ್ಟ್ರಿಕ್ ಗ್ರೀಸನ್ನು ಧಾರಾಳವಾಗಿಯೇ ತುಂಬಬಹುದು. ಇದು ಅರ್ಧ ಗಂಟೆಯ ಕೆಲಸ, ಮತ್ತು ಇಡೀ ದುರಸ್ತಿಯಲ್ಲಿ ಅತ್ಯಂತ ಹೆಚ್ಚು ಬದಲಾವಣೆ ಕಿವಿಗೆ ತಿಳಿಯುವುದು ಇದರಿಂದಲೇ.

ತೊಳೆಯುವ ವಿಚಾರದಲ್ಲಿ ಪ್ಲಾಸ್ಟಿಕ್ಕನ್ನೂ ವಿದ್ಯುತ್ ಭಾಗವನ್ನೂ ಬೇರೆ ಮಾಡಿ ಯೋಚಿಸಬೇಕು. ಕೀಕ್ಯಾಪ್‌ಗಳನ್ನೂ ಪೆಟ್ಟಿಗೆಯ ಭಾಗಗಳನ್ನೂ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆ ನೆನೆಹಾಕಿ, ಮೃದುವಾದ ಬ್ರಷ್‌ನಿಂದ ಉಜ್ಜಿ, ಕ್ಯಾಪಿನ ಒಳಗಿನ ಸಂದಿಯಲ್ಲಿ ನೀರು ಉಳಿಯದಂತೆ ಒಂದು ಇಡೀ ದಿನ ಒಣಗಿಸಿ. ಕುದಿಯುವ ನೀರು ಬೇಡ, ಎಬಿಎಸ್ ಪ್ಲಾಸ್ಟಿಕ್ಕಿನ ಕ್ಯಾಪ್‌ಗಳು ಸೊಟ್ಟಗಾಗಬಹುದು. ಅಸಿಟೋನ್ ಅಂತೂ ಎಬಿಎಸ್ಸನ್ನು ಕರಗಿಸಿಬಿಡುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವಗಳಲ್ಲಿ ಅದು ಇರುವುದುಂಟು ಎಂಬುದು ನೆನಪಿರಲಿ.

ಸ್ವಿಚ್‌ಗಳು ಕೂತಿರುವ ಪಿಸಿಬಿಯನ್ನು ಮಾತ್ರ ನೀರಿನಲ್ಲಿ ಮುಳುಗಿಸಬೇಡಿ. ಮೇಲೆ ಕೂತಿದ್ದ ಧೂಳು ನೀರಿನೊಂದಿಗೆ ಸ್ವಿಚ್ಚಿನೊಳಗೆ ಇಳಿದು, ನೀರು ಆರಿದ ಮೇಲೆ ಸಂಪರ್ಕದ ಮೇಲೆಯೇ ಉಳಿಯುತ್ತದೆ, ಅಂದರೆ ಈಗ ಇ ಕೀಲಿಗೆ ಇರುವ ತೊಂದರೆಯನ್ನು ನೀವೇ ಉಳಿದೆಲ್ಲ ಕೀಲಿಗಳಿಗೂ ಹಂಚಿದಂತಾಗುತ್ತದೆ. ಒಣ ಬ್ರಷ್, ವ್ಯಾಕ್ಯೂಮ್, ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿ ಇಷ್ಟೇ ಸಾಕು. ಇದಕ್ಕೊಂದು ಅಪವಾದವಿದೆ. ಸಕ್ಕರೆ ಇರುವ ಪಾನೀಯ ಚೆಲ್ಲಿ ಅಂಟಾಗಿದ್ದರೆ ಆಲ್ಕೋಹಾಲ್ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಸಕ್ಕರೆ ಅದರಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಆ ಜಾಗವನ್ನು ಮೊದಲು ಡಿಸ್ಟಿಲ್ಡ್ ವಾಟರ್‌ನಿಂದ ಮೆತ್ತಗೆ ಮಾಡಿ ಒರೆಸಿ, ಆಮೇಲೆ ಉಳಿದ ನೀರನ್ನು ಹೊರದೂಡಲು ಆಲ್ಕೋಹಾಲ್ ಬಳಸಬೇಕು. ಇದನ್ನೆಲ್ಲ ಮಾಡುವಾಗ ಕೇಬಲ್ ಕಿತ್ತಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸ್ಪೇಸ್‌ಬಾರ್ ಮಾತ್ರ ಹಳದಿಯಾಗಿದೆ ಎಂದಿದ್ದೀರಿ. ಇದು ವಾಸ್ತವವಾಗಿ ನಿಮ್ಮ ಕೀಬೋರ್ಡಿನ ಬಗ್ಗೆ ಒಳ್ಳೆಯ ಸುದ್ದಿ. ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್ ಹಳದಿಗೆ ತಿರುಗುವುದು ಕಡಿಮೆ, ಬೆರಳು ತಗಲಿ ಹೊಳಪಾಗುವುದೂ ಕಡಿಮೆ. ಆದರೆ ಅಚ್ಚಿನಿಂದ ಹೊರಬಂದು ತಣಿಯುವಾಗ ಹೆಚ್ಚು ಕುಗ್ಗುವುದರಿಂದ ಉದ್ದದ ತುಂಡುಗಳು ಬಾಗುತ್ತವೆ. ಅದಕ್ಕಾಗಿ ಅನೇಕ ತಯಾರಕರು ಉಳಿದ ಕ್ಯಾಪ್‌ಗಳನ್ನು ಪಿಬಿಟಿಯಲ್ಲಿಯೂ ಸ್ಪೇಸ್‌ಬಾರನ್ನು ಮಾತ್ರ ಎಬಿಎಸ್‌ನಲ್ಲಿಯೂ ಮಾಡುತ್ತಿದ್ದರು. ನಿಮ್ಮ ಉಳಿದ ಕ್ಯಾಪ್‌ಗಳು ಪಿಬಿಟಿಯವಾಗಿರುವ ಸಾಧ್ಯತೆ ಹೆಚ್ಚು. ಹಳದಿಯಾದ ಎಬಿಎಸ್ಸನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲಿನ ನೇರಳಾತೀತ ಕಿರಣಗಳ ನೆರವಿನಿಂದ ಬಿಳುಪಾಗಿಸುವ ವಿಧಾನ ಹಳೆಯ ಕಂಪ್ಯೂಟರ್ ಪ್ರಿಯರಲ್ಲಿ ಪ್ರಸಿದ್ಧ. ಕೆಲಸ ಮಾಡುತ್ತದೆ, ನಿಜ. ಆದರೆ ದ್ರಾವಣ ಎಲ್ಲೆಡೆ ಸಮನಾಗಿ ತಗಲದಿದ್ದರೆ ಮಚ್ಚೆ ಮಚ್ಚೆಯಾಗುತ್ತದೆ, ಕೈಗವಸು ಮತ್ತು ಕಣ್ಣಿನ ರಕ್ಷಣೆ ಇಲ್ಲದೆ ಮುಟ್ಟುವಂತಿಲ್ಲ, ಹಳದಿ ಬಣ್ಣ ಕೆಲವು ವರ್ಷಗಳಲ್ಲಿ ಮರಳುವುದೂ ಉಂಟು. ಒಂದೇ ತುಂಡಿಗಾಗಿ ಇಷ್ಟು ರಗಳೆ ನಾನು ಮಾಡುವುದಿಲ್ಲ. ಅದೇ ಅಳತೆಯ ಬೇರೆ ಸ್ಪೇಸ್‌ಬಾರ್ ಹಾಕಿಕೊಳ್ಳುತ್ತೇನೆ, ಹಳೆಯದನ್ನು ಎತ್ತಿಡುತ್ತೇನೆ. ಹೊಸದನ್ನು ಹುಡುಕುವಾಗ ಉದ್ದವೊಂದನ್ನೇ ಅಲ್ಲ, ಕೆಳಗಿನ ಮೂರು ಕೊಂಡಿಗಳ ನಡುವಿನ ಅಂತರವನ್ನೂ ಅಳೆಯಿರಿ.

ಇನ್ನು ಆ ಐಬಿಎಂ ಕೀಬೋರ್ಡ್. 1985ರಲ್ಲಿ ಬಂದ ಮಾಡೆಲ್ ಎಂ ಅದಾಗಿದ್ದರೆ, ನೀವು ಈಗ ಕಲಿಯುತ್ತಿರುವುದರಲ್ಲಿ ಬಹಳಷ್ಟು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಬಿಡಿ ಸ್ವಿಚ್‌ಗಳೇ ಇಲ್ಲ. ಪ್ರತಿ ಕೀಲಿಯ ಕೆಳಗೂ ಒಂದು ಸ್ಪ್ರಿಂಗ್ ಇದ್ದು, ಒತ್ತಿದಾಗ ಅದು ಒಂದು ಹಂತದಲ್ಲಿ ಥಟ್ಟನೆ ಬಳುಕಿ, ಕೆಳಗಿನ ಸಣ್ಣ ಸುತ್ತಿಗೆಯನ್ನು ಪ್ಲಾಸ್ಟಿಕ್ ಹಾಳೆಗಳ ಮೇಲಿನ ಸಂಪರ್ಕಕ್ಕೆ ಬಡಿಯುತ್ತದೆ. ಈ ಹಾಳೆಗಳನ್ನೂ ಮೇಲಿನ ಪ್ಲಾಸ್ಟಿಕ್ ಚೌಕಟ್ಟನ್ನೂ ಕೆಳಗಿನ ಉಕ್ಕಿನ ತಗಡಿಗೆ ಬಿಗಿದಿಡುವುದು ಪ್ಲಾಸ್ಟಿಕ್ ರಿವೆಟ್‌ಗಳು, ಮತ್ತು ಅದರ ದೌರ್ಬಲ್ಯವೂ ಅವೇ. ದಶಕಗಳು ಕಳೆದಂತೆ ರಿವೆಟ್‌ಗಳ ತಲೆಗಳು ಒಡೆದು ಉದುರುತ್ತವೆ, ತಗಡು ಸಡಿಲವಾಗುತ್ತದೆ, ಕೀಲಿಗಳು ಸೊರಗುತ್ತವೆ. ಕೊಳ್ಳುವ ಮುನ್ನ ಅದನ್ನು ಎತ್ತಿ ಮೆಲ್ಲಗೆ ಓರೆ ಮಾಡಿ; ಒಳಗೆ ಸಣ್ಣ ಚೂರುಗಳು ಉರುಳುವ ಸದ್ದು ಕೇಳಿದರೆ ಅವು ಬಹುಶಃ ರಿವೆಟ್ಟಿನ ತಲೆಗಳೇ. ಒಂದಿಷ್ಟು ಉದುರಿದ್ದರೆ ಚಿಂತೆಯಿಲ್ಲ. ಒಂದು ಭಾಗದ ಕೀಲಿಗಳೆಲ್ಲ ಸದ್ದು ಕಳೆದುಕೊಂಡಿದ್ದರೆ, ಉಳಿದ ರಿವೆಟ್‌ಗಳನ್ನೂ ಕತ್ತರಿಸಿ, ತೂತು ಕೊರೆದು, 2 ಮಿಲಿಮೀಟರ್ ವ್ಯಾಸದ ತಿರುಪು ಮತ್ತು ನಟ್‌ಗಳಿಂದ ಬಿಗಿಯಬೇಕಾಗುತ್ತದೆ, ಮತ್ತು ಆ ಕೆಲಸಕ್ಕೆ ಬಿಡುವಿನ ದಿನಗಳೂ ನೆಟ್ಟಗೆ ಕೊರೆಯಬಲ್ಲ ಕೈಯೂ ಬೇಕು. ಹೊರಪೆಟ್ಟಿಗೆಯನ್ನು ತೆರೆಯುವುದಕ್ಕೂ 5.5 ಮಿಲಿಮೀಟರಿನ, ಗೋಡೆ ತೆಳುವಾಗಿರುವ ಉದ್ದದ ನಟ್ ಡ್ರೈವರ್ ಇಲ್ಲದೆ ದಾರಿಯಿಲ್ಲ. ದ್ರವ ಚೆಲ್ಲಿ ಒಳಹಾಳೆಯ ಗೆರೆಗಳು ಕೊಳೆತಿದ್ದರೆ ಹಾಳೆಯನ್ನೇ ಬದಲಿಸಬೇಕು, ಅದಕ್ಕೂ ಇದೇ ರಿವೆಟ್‌ಗಳನ್ನು ಕತ್ತರಿಸಬೇಕು.

ಯುಎಸ್‌ಬಿಗೂ ಮೊದಲಿನ ಜೋಡಣೆಗಳಲ್ಲಿ ದುಂಡು ಪ್ಲಗ್ ಎರಡು ಬಗೆಯದು. ಆರು ಪಿನ್‌ಗಳ ಚಿಕ್ಕದಾದರೆ ಪಿಎಸ್/2. ಐದು ಪಿನ್‌ಗಳ ದೊಡ್ಡದಾದರೆ ಅದು ಎಟಿ ಇರಬಹುದು, ಇನ್ನೂ ಹಳೆಯ ಎಕ್ಸ್‌ಟಿಯೂ ಇರಬಹುದು. ಎಟಿ ಮತ್ತು ಪಿಎಸ್/2 ಎರಡೂ ಒಂದೇ ಭಾಷೆಯನ್ನಾಡುತ್ತವೆ, ಪ್ಲಗ್ಗಿನ ಆಕಾರ ಮಾತ್ರ ಬೇರೆ. ಎಕ್ಸ್‌ಟಿಯದು ಬೇರೆಯದೇ ಸಂಕೇತ ಕ್ರಮ. ಪಿಎಸ್/2ವನ್ನು ಯುಎಸ್‌ಬಿಗೆ ಸೇರಿಸುವ ಚಿಕ್ಕ ಅಡಾಪ್ಟರುಗಳು ಕೇವಲ ತಂತಿಗಳನ್ನು ಜೋಡಿಸುವಂಥವು. ಕೀಬೋರ್ಡಿಗೇ ಯುಎಸ್‌ಬಿ ತಿಳಿದಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ, ಮಾಡೆಲ್ ಎಂಗೆ ಆ ಕಾಲದಲ್ಲಿ ಯುಎಸ್‌ಬಿ ಎಂಬುದೇ ಇರಲಿಲ್ಲ. ಒಳಗೆ ಚಿಪ್ ಇರುವ ಪರಿವರ್ತಕವನ್ನೇ ತೆಗೆದುಕೊಳ್ಳಬೇಕು. ಕಂಪ್ಯೂಟರಿನ ಪಿಎಸ್/2 ಕಿಂಡಿಗೇ ನೇರವಾಗಿ ಸಿಕ್ಕಿಸುವುದಾದರೆ ಕಂಪ್ಯೂಟರ್ ಆರಿಸಿದ ಮೇಲೆಯೇ ಸಿಕ್ಕಿಸಿ, ಆ ಕಿಂಡಿ ಚಾಲನೆಯಲ್ಲಿದ್ದಾಗ ಕಿತ್ತು ಹಾಕುವುದಕ್ಕಾಗಿ ಮಾಡಿದ್ದಲ್ಲ.

ಎಲ್ಲ ಕೀಲಿಗಳೂ ಸದ್ದು ಮಾಡುತ್ತಿದ್ದು, ಕೇಬಲ್ ಗಟ್ಟಿಯಾಗಿದ್ದು, ಒಳಗೆ ಏನೂ ಉರುಳದಿದ್ದರೆ ಕೊಳ್ಳಿ. ಇಲ್ಲವಾದರೆ ಈಗಿರುವ ಕೀಬೋರ್ಡನ್ನು ಮೊದಲು ಮುಗಿಸಿ. ಒಂದು ಮಾತ್ರ ಮುಂಚಿತವಾಗಿ ತಿಳಿದಿರಲಿ: ಮೇಲೆ ಹೇಳಿದಂತೆ ಅಳೆದಾಗ ಸಾಲು ಚಿಪ್ಪಿನ ಕಾಲಿನವರೆಗೂ ಸರಿಯಾಗಿಯೇ ಬೀಪ್ ಎಂದು, ನಾಲ್ಕು ಡಯೋಡ್‌ಗಳೂ ಸರಿಯಿದ್ದು, ಆದರೂ ಅಕ್ಷರ ಮೂಡದಿದ್ದರೆ ಚಿಪ್ಪಿನ ಆ ಕಾಲೇ ಸತ್ತಿರಬೇಕು. ಕಾಲಿನ ಬೆಸುಗೆಯನ್ನು ಫ್ಲಕ್ಸ್ ಹಾಕಿ ಒಮ್ಮೆ ಮರಳಿ ಕರಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಹಳೆಯ ಚಿಪ್ಪನ್ನು ತೆಗೆದು, ಎಟಿಮೆಗಾ32ಯು4ನಂತಹ ಚಿಪ್ ಇರುವ, ಜಾಲದ ಸಾಲುಗಳಿಗೆ ಸಾಲುವಷ್ಟು ಕಾಲುಗಳುಳ್ಳ ಸಣ್ಣ ಬೋರ್ಡೊಂದಕ್ಕೆ ಎಲ್ಲ ಸಾಲುಗಳನ್ನೂ ತಂತಿಗಳಿಂದ ಎಳೆದು, ಅದರಲ್ಲಿ ಕ್ಯೂಎಂಕೆ ತುಂಬುವ ದಾರಿಯೊಂದು ಉಳಿದಿದೆ. ಅಷ್ಟು ತಾಳ್ಮೆಯಿಲ್ಲದವರು ಆ ಕೀಬೋರ್ಡನ್ನು ಇನ್ನೊಂದರ ದುರಸ್ತಿಗೆ ಬೇಕಾದ ಸ್ವಿಚ್ಚು, ಕ್ಯಾಪು, ಸ್ಟೆಬಿಲೈಸರುಗಳಿಗಾಗಿ ಬಿಚ್ಚಿಟ್ಟುಕೊಳ್ಳುತ್ತಾರೆ.